ಆಫೀಸಿಗೆ ಹೋಗುವ ಮಗಳು

ಮನೆಯಲ್ಲೇ ಕಟ್ಟುಹಲ್ಲು ಮಾಡುವ ಹಲ್ಲು ಮೇಷ್ಟ್ರ ಹೆಂಡತಿಯನ್ನು ಕ್ಲಿನಿಕ್ಕಿನವರೆಲ್ಲ ಡಬ್ಬಿಯಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ವಾರಕ್ಕೆ ಮೂರು ದಿನ ಆಕೆ ಒಂದು ಸ್ಟೀಲಿನ ಊಟದ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಡಾಕ್ಟರಮ್ಮನ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬರುತ್ತಿದ್ದಳು. ಹೋಗುವಾಗ ಡಬ್ಬಿಯಲ್ಲಿ ಹೊಸ ಹಲ್ಲಿನ ಸೆಟ್ಟುಗಳು, ಬರುವಾಗ ಯಾರ್ಯಾರದೋ ಬೋಳು ಒಸಡಿನ ಅಚ್ಚುಗಳು. ಬಸ್ಸಿನಲ್ಲಿ ಪಕ್ಕದವರು "ಯಜಮಾನರಿಗೆ ಊಟಾನಾ?" ಎಂದರೆ ಹೂಂ ಎನ್ನುತ್ತಿದ್ದಳು. ಅದೇನು ಪೂರ್ತಿ ಸುಳ್ಳಲ್ಲ, ಮನೆಯವರ ಊಟವೆಲ್ಲ ಆ ಡಬ್ಬಿಯಿಂದಲೇ ಬರುತ್ತಿತ್ತು.

ಆ ಸೋಮವಾರ ಆಕೆ ಡಬ್ಬಿಯೊಂದಿಗೆ ಮನೆಗೆ ಬಂದಾಗ ಮಗಳು ಹಿಂದಿನ ಕೋಣೆಯಲ್ಲಿ ಕೈಕಟ್ಟಿ ಕುಳಿತಿದ್ದಳು. ಸ್ಪಿರಿಟ್ ದೀಪ ಸುಮ್ಮನೆ ಉರಿಯುತ್ತಿತ್ತು. ಮೇಣದಲ್ಲಿ ಅರ್ಧ ಜೋಡಿಸಿದ್ದ ಹಲ್ಲಿನ ಸಾಲು ಪಕ್ಕಕ್ಕೆ ವಾಲಿಕೊಂಡಿತ್ತು.

"ಮತ್ತೆ ರೂಲ್ಸ್ ಬದಲಾಗಿದೆಯಮ್ಮ," ಎಂದಳು ಮಗಳು.

"ಅವ್ರಿಗೆ ಬೇರೆ ಕೆಲಸ ಇಲ್ವಾ? ಈಗೇನಂತೆ?"

ಮಗಳಿಗೆ ಮೂವತ್ತು ತುಂಬಿತ್ತು. ಎರಡು ವರ್ಷಗಳಿಂದ ಅವಳಿಗೆ ಹೊರದೇಶದ ಓದೊಂದೇ ಧ್ಯಾನ. ಮೊದಲು ಆರಿಸಿಕೊಂಡ ದೇಶ ಬ್ಯಾಂಕಿನಲ್ಲಿ ತೋರಿಸಬೇಕಾದ ಹಣವನ್ನು ರಾತ್ರೋರಾತ್ರಿ ದುಪ್ಪಟ್ಟು ಮಾಡಿತ್ತು. ಎರಡನೆಯದು, ಈ ವರ್ಷಕ್ಕೆ ಇಷ್ಟೇ ಜನ ಸಾಕು ಎಂದು ಬಾಗಿಲು ಹಾಕಿಕೊಂಡಿತ್ತು. ಮೊದಲೆರಡು ದೇಶಗಳಿಗೆ ಸಾಲುಗಟ್ಟಿ ಹೋಗುತ್ತಿದ್ದವರೆಲ್ಲ ಈಗ ಮೂರನೆಯದಕ್ಕೆ ನುಗ್ಗಿದ್ದರು. ಆ ನೂಕುನುಗ್ಗಲಿನಲ್ಲೂ ಅವಳಿಗೊಂದು ಸೀಟು ಸಿಕ್ಕಿತ್ತು: ಕಂಪ್ಯೂಟರಿನಲ್ಲಿ ಹಲ್ಲಿನ ನಕ್ಷೆ ಬರೆದು ಯಂತ್ರದಿಂದ ತೆಗೆಯುವ ಎರಡು ವರ್ಷದ ಕೋರ್ಸು. ಶುಲ್ಕದ ಮೊದಲ ಕಂತೂ ಕಟ್ಟಿಯಾಗಿತ್ತು.

"ಓದು ಮುಗಿಸಿ ಐದು ವರ್ಷಕ್ಕಿಂತ ಜಾಸ್ತಿ ಆಗಿದ್ರೆ, ಇಷ್ಟು ದಿನ ಏನ್ ಮಾಡ್ತಿದ್ರಿ ಅಂತ ತೋರಿಸ್ಬೇಕಂತೆ. ಕೆಲಸ ಕೊಟ್ಟೋರದ್ದು ಒಂದು ಪತ್ರ. ಆ ಕೆಲಸ ತಗೊಂಡ ಹೊರಗಿನೋರದ್ದು ಇನ್ನೊಂದು. ಇಬ್ಬರಿಗೂ ಫೋನ್ ಮಾಡಿ ವಿಚಾರಿಸ್ತಾರಂತೆ."

"ಎಷ್ಟು ದಿನದೊಳಗೆ?"

"ಇಪ್ಪತ್ತೆಂಟನೇ ತಾರೀಕು. ಆಮೇಲೆ ಸೀಟು ಬೇರೆಯವ್ರಿಗೆ."

ಡಬ್ಬಿಯಮ್ಮ ಚೀಲವನ್ನು ಮೇಜಿನ ಮೇಲಿಟ್ಟು, ಮುಖ ಕಾಣದಿರಲೆಂದು ದೀಪ ಆರಿಸಲು ಬಾಗಿದಳು.

ಆಕೆ ಹೆದರುವುದಕ್ಕೆ ಕಾರಣವಿತ್ತು. ಆರು ವರ್ಷದ ಹಿಂದೆ ಮೇಷ್ಟ್ರ ಬಲಗೈ ನಡುಗತೊಡಗಿತ್ತು. ಮಾತ್ರೆ ನುಂಗಿದರೂ ನಿಲ್ಲಲಿಲ್ಲ. ಡಿಗ್ರಿ ಮುಗಿಸಿ ಅಪ್ಪನ ಪಕ್ಕ ಕುಳಿತು ಕೆಲಸ ಕಲಿಯುತ್ತಿದ್ದ ಮಗಳೇ ಅಂದಿನಿಂದ ಮೇಣದ ಚಾಕು ಹಿಡಿದಳು. ಆದರೆ ಡಾಕ್ಟರಮ್ಮ ಖಡಾಖಂಡಿತ ಮಾತಿನ ಹೆಂಗಸು. ಇನ್ನೊಬ್ಬ ಹಲ್ಲಿನ ಕೆಲಸದವನು ಕಲಿಯುವ ಹುಡುಗರ ಕೈಲಿ ಸೆಟ್ ಮಾಡಿಸುತ್ತಾನೆಂದು ತಿಳಿದ ದಿನವೇ ಅವನಿಗೆ ಕೊಡುತ್ತಿದ್ದ ಕೆಲಸ ನಿಲ್ಲಿಸಿದ್ದರು. ಅದಾದ ವಾರವೇ "ಮಗಳು ಈಗೇನು ಮಾಡ್ತಿದ್ದಾಳೆ?" ಎಂದು ಕೇಳಿದಾಗ ಡಬ್ಬಿಯಮ್ಮನ ಬಾಯಿಂದ ತಾನಾಗಿ ಬಂದುಬಿಟ್ಟಿತ್ತು: "ಆಫೀಸಿಗೆ ಹೋಗ್ತಾಳೆ, ಡಾಕ್ಟ್ರೇ."

ಆಮೇಲೆ ಆ ಆಫೀಸನ್ನು ಸಾಕಬೇಕಾಯಿತು. ಎಲ್ಲಿ ಎಂದವರಿಗೆ ಊರಾಚೆ ಎಂದಳು. ಯಾವ ಕೆಲಸ ಎಂದವರಿಗೆ ಕಂಪ್ಯೂಟರ್ ಎಂದಳು. ಬೀದಿಯ ಕೊನೆಯ ದಿನಸಿ ಅಂಗಡಿಯವರಿಗೂ ಅದನ್ನೇ ಹೇಳಿದಳು, ಅವರು ಬೀದಿಗೆಲ್ಲ ಹಂಚಿದರು. ಹೋದ ವರ್ಷ ಡಾಕ್ಟರಮ್ಮ ಮತ್ತೆ ಕೇಳಿದಾಗ ಏನೂ ತೋಚದೆ ಮಗಳಿಗೆ ಪ್ರಮೋಷನ್ ಕೊಡಿಸಿ, ಅರ್ಧ ಕೆಜಿ ಸಿಹಿ ಕೊಂಡುಹೋಗಿ ಕ್ಲಿನಿಕ್ಕಿನವರಿಗೆಲ್ಲ ಹಂಚಿ ಬಂದಿದ್ದಳು. ಮನೆಯಲ್ಲಿ ಮಾತ್ರ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಈಗ ವೀಸಾದವರು ಫೋನ್ ಮಾಡಿ ಕೇಳಿದರೆ ಡಾಕ್ಟರಮ್ಮ ಏನು ಹೇಳುತ್ತಾರೆ? ಆ ಹುಡುಗೀನಾ, ಅವಳು ಆಫೀಸಿನಲ್ಲಿ ಇದ್ದಾಳಲ್ಲ ಎನ್ನುತ್ತಾರೆ. ಅಲ್ಲಿಗೆ ಸೀಟಿನ ಕಥೆ ಮುಗಿಯಿತು.

ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕುಳಿತಾಗ ಮಗಳು ವಿಷಯ ಎತ್ತಿದಳು. ಮೇಷ್ಟ್ರು ಚಮಚವನ್ನು ಎಡಗೈಯಲ್ಲಿ ಹಿಡಿದು ಬೇಳೆ ಕಲಸುತ್ತಿದ್ದರು. ಬಲಗೈ ಮೇಜಿನ ಕೆಳಗೆ ತೊಡೆಯ ಮೇಲಿತ್ತು.

"ಪತ್ರ ತಾನೆ, ಬರೀತೀನಿ. ಮನೇಲಿದ್ಕೊಂಡು ನನಗೆ ನೆರವಾಗ್ತಿದ್ಲು ಅಂತ."

"ನೆರವಾ? ಅಪ್ಪ, ಹೋದ ತಿಂಗಳು ಹದಿನಾಲ್ಕು ಸೆಟ್ ಹೋಯ್ತಲ್ಲ. ಅದರಲ್ಲಿ ನೀನು ಮಾಡಿದ್ದು ಎಷ್ಟು?"

"ಪ್ಲಾಸ್ಟರ್ ಕಲಸಿದ್ಯಾರು?"

"ನಾನೇ!"

"ಕಲಿಸಿದ್ಯಾರು?"

"ಕಲಿಸಿದ್ದು ನೀನು. ನಾನು ಕೇಳ್ತಿರೋದು ಮಾಡಿದ್ದು ಯಾರು ಅಂತ."

"ಊಟ ಮಾಡ್ರೋ," ಎಂದರು ಅಜ್ಜಿ, ಮೇಷ್ಟ್ರ ತಾಯಿ. ಎಂಬತ್ತೊಂದರ ಮುದುಕಿ. ಬಾಯಲ್ಲಿದ್ದುದು ಮೊಮ್ಮಗಳು ಕಲಿತ ಕಾಲದಲ್ಲಿ ಮಾಡಿದ ಮೊದಲ ಸೆಟ್ಟು. ಅದರಲ್ಲೇ ಅವರು ಹುರಿದ ಕಡಲೆಬೀಜವನ್ನು ಕರುಂ ಕರುಂ ಎನಿಸುತ್ತಿದ್ದರು.

"ನಾನೇನು ಬರೆದ್ರೂ ಅದು ಡಾಕ್ಟರಮ್ಮನ ಕಿವಿಗೆ ಬಿದ್ದೇ ಬೀಳುತ್ತೆ," ಎಂದರು ಮೇಷ್ಟ್ರು. "ನೀನು ವಿಮಾನ ಹತ್ತಿ ಹೋಗ್ತೀಯ. ಇಲ್ಲಿ ಈ ಮೂರು ಜನ ಏನು ಅಚ್ಚು ಕಚ್ಕೊಂಡು ಕೂರ್ಬೇಕಾ?"

ಮಗಳು ತಟ್ಟೆ ಸರಿಸಿ ಎದ್ದುಹೋದಳು. ಡಬ್ಬಿಯಮ್ಮ ಅವಳು ಬಿಟ್ಟ ಅನ್ನವನ್ನು ಮುಚ್ಚಿಟ್ಟಳು. ಗಂಡನ ಮಾತೂ ಸರಿ, ಮಗಳ ಮಾತೂ ಸರಿ, ತಪ್ಪು ಮಾತ್ರ ತನ್ನದು ಎನ್ನಿಸಿ ಆಕೆಗೆ ಅಂದು ಊಟವೇ ಸೇರಲಿಲ್ಲ.

ಮೇಷ್ಟ್ರು ಎರಡು ದಿನ ಬಿಟ್ಟು ಪತ್ರ ಬರೆದುಕೊಟ್ಟರು. ಅದರಲ್ಲಿದ್ದ ಮಗಳ ಕೆಲಸ ಇಷ್ಟೇ: ಅಚ್ಚು ತೆಗೆಯುವ ತಟ್ಟೆಗಳನ್ನು ತೊಳೆಯುವುದು, ಸಾಮಾನು ಎತ್ತಿಡುವುದು, ಸೆಟ್ಟುಗಳಿಗೆ ಮೇಷ್ಟ್ರ ಹೆಸರಿನ ಚೀಟಿ ಅಂಟಿಸುವುದು. ವೀಸಾ ಅರ್ಜಿ ನೋಡಿಕೊಳ್ಳುವ ಕನ್ಸಲ್ಟೆನ್ಸಿಯ ಹುಡುಗಿ ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ತಾಯಿ ಮಗಳು ಇಬ್ಬರೂ ಎದುರಿಗಿದ್ದರು.

"ಇದನ್ನ ಕಳಿಸಿದ್ರೆ ಮೊದಲನೇ ಪ್ರಶ್ನೆಯೇ, ತಟ್ಟೆ ತೊಳೆಯೋರಿಗೆ ಈ ಕೋರ್ಸ್ ಯಾಕೆ ಅಂತ. ಮೊದಲಾಗಿದ್ರೆ ನಡೀತಿತ್ತು ಮೇಡಂ. ಈಗ ಓದೋಕೆ ಬರೋರು ನಿಜವಾಗ್ಲೂ ಓದೋಕೇ ಬರ್ತಿದ್ದಾರಾ ಅಂತ ತಡಕ್ತಾರೆ. ಸುಳ್ಳು ಸಿಕ್ಕಿಬಿದ್ರೆ ಹತ್ತು ವರ್ಷ ಆ ಕಡೆ ತಲೆ ಹಾಕೋಹಾಗಿಲ್ಲ."

"ಸುಳ್ಳು ಅಂದ್ರೆ... ಎಷ್ಟು ದೊಡ್ಡ ಸುಳ್ಳು?" ಎಂದು ಡಬ್ಬಿಯಮ್ಮ ಕೇಳಿದಳು.

ಹುಡುಗಿ ನಕ್ಕಳು. "ಅಳತೆ ಏನೂ ಇಟ್ಟಿಲ್ಲಮ್ಮ."

ಮಗಳು ಮನೆಗೆ ಬಂದವಳೇ ಆ ಪತ್ರವನ್ನು ಅಪ್ಪನ ಮುಂದಿಟ್ಟಳು. "ತಟ್ಟೆ ತೊಳೆಯೋಳಿಗೆ ವೀಸಾ ಕೊಡಲ್ವಂತೆ."

ಮೇಷ್ಟ್ರು ಮುಖ ಊದಿಸಿಕೊಂಡು ಕುಳಿತರು. ಮರುದಿನ ಬೆಳಿಗ್ಗೆ ಟೀ ಕುಡಿಯುತ್ತಾ ಘೋಷಿಸಿದರು: "ಅಮ್ಮನ ಸೆಟ್ ಬಿರುಕು ಬಿಟ್ಟಿದೆ. ಹೊಸದು ನಾನೇ ಮಾಡ್ತೀನಿ. ಪೂರ್ತಿ ನಾನೇ. ನನ್ನ ಕೈ ಇನ್ನೂ ಸತ್ತಿಲ್ಲ."

"ಇದೇ ಸಾಕು ಕಣೋ, ಬಿರುಕೇನು, ಕೂದಲಷ್ಟು," ಎಂದರು ಅಜ್ಜಿ.

"ಸಾಕಾಗಲ್ಲ. ನಾನು ಮಾಡಬಲ್ಲೆ ಅಂತಾದ್ರೆ ಅವಳಿಗೆ ಏನು ಬೇಕೋ ಅದನ್ನೇ ಬರ್ಕೊಡ್ತೀನಿ. ಡಾಕ್ಟರಮ್ಮ ಕೇಳಿದ್ರೆ ಇದನ್ನ ಎದುರಿಗೆ ಇಡ್ತೀನಿ."

ಹಿಂದಿನ ಕೋಣೆಯ ಬಾಗಿಲು ಎಂಟು ದಿನ ಮುಚ್ಚಿತ್ತು. ಮಗಳು ಕ್ಲಿನಿಕ್ಕಿನ ಕೆಲಸವನ್ನು ಊಟದ ಮೇಜಿಗೆ ತಂದುಕೊಂಡಳು. ಒಂದು ತುದಿಯಲ್ಲಿ ಮೇಣ ಕರಗುತ್ತಿದ್ದರೆ ಇನ್ನೊಂದು ತುದಿಯಲ್ಲಿ ತಾಯಿ ತರಕಾರಿ ಹೆಚ್ಚುತ್ತಿದ್ದಳು. ಅನ್ನಕ್ಕೂ ಮೇಣದ ವಾಸನೆ ಹತ್ತಿತು. ಒಳಗಿನಿಂದ ಆಗಾಗ ಏನೋ ಬೀಳುವ ಸದ್ದು, ಹಿಂದೆಯೇ ಮೇಷ್ಟ್ರ ಬೈಗುಳ. ಮಗಳು ಒಂದೆರಡು ಸಲ ಎದ್ದಳು. ತಾಯಿ ಕಣ್ಣಿನಲ್ಲೇ ಕೂರಿಸಿದಳು.

"ದಿನ ಹೋಗ್ತಿದೆಯಮ್ಮ. ಆಗ್ಲೇ ಹದಿನೈದನೇ ತಾರೀಕು."

"ಗೊತ್ತು."

"ಡಾಕ್ಟರಮ್ಮನ್ನ ಒಂದು ಮಾತು ಕೇಳಿ ಇಟ್ಟಿರು. ಎರಡನೇ ಪತ್ರ ಅವ್ರಿಂದಾನೇ ಆಗ್ಬೇಕು."

"ಕೇಳ್ತೀನಿ ಬಿಡೇ, ನಿನ್ನಪ್ಪನದ್ದು ಮುಗೀಲಿ," ಎಂದಳು ಡಬ್ಬಿಯಮ್ಮ. ಆ ವಾರ ಮೂರು ಸಲ ಕ್ಲಿನಿಕ್ಕಿಗೆ ಹೋದಳು, ಮೂರು ಸಲವೂ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು.

ಒಂಬತ್ತನೆಯ ದಿನ ಮೇಷ್ಟ್ರು ಹೊಸ ಸೆಟ್ಟನ್ನು ತಾಯಿಯ ಬಾಯಿಗೆ ತಾವೇ ಕೂರಿಸಿದರು.

"ಹೇಗಿದೆಯಮ್ಮ?"

"ಬಂಗಾರದ ಹಾಗಿದೆ ಕಣೋ," ಎಂದರು ಅಜ್ಜಿ. ಮಾತಿನ ಜೊತೆಗೆ ಟಕ್ ಟಕ್ ಎಂಬ ಸದ್ದೂ ಬಂತು. ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. ಅಂದು ಅವರು ಎರಡು ಸಲ ಅನ್ನ ಬಡಿಸಿಕೊಂಡು ಉಂಡರು. ಅಜ್ಜಿ ಮಾತ್ರ ಗಂಜಿ ಸಾಕೆಂದರು. ಮರುದಿನವೂ ಗಂಜಿ, ಅದರ ಮರುದಿನವೂ ಗಂಜಿ.

"ಅತ್ತೆ, ಹೊಟ್ಟೆ ಸರಿ ಇಲ್ವಾ?" ಎಂದು ಡಬ್ಬಿಯಮ್ಮ ಕೇಳಿದರೆ, "ಸುಮ್ನಿರೇ," ಎಂದು ಗದರಿದರು.

ನಾಲ್ಕನೆಯ ದಿನ ಮೇಷ್ಟ್ರು ಮಾತ್ರೆ ತರಲು ಹೋದವರು ದಾರಿಯಲ್ಲಿ ಚೀಟಿ ಮರೆತದ್ದು ನೆನಪಾಗಿ ಐದೇ ನಿಮಿಷಕ್ಕೆ ಹಿಂತಿರುಗಿದರು. ಅಜ್ಜಿ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಕಡಲೆಬೀಜ ಜಗಿಯುತ್ತಿದ್ದರು. ಮಗನನ್ನು ಕಂಡದ್ದೇ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಅಮ್ಮ, ಬಾಯಿ ತೆಗಿ."

ಮುದುಕಿ ಸಣ್ಣ ಮಗುವಿನ ಹಾಗೆ ಬಾಯಿ ತೆರೆದರು. ಒಳಗಿದ್ದುದು ಹಳೆಯ ಸೆಟ್ಟು.

"ಇನ್ನೊಂದೆಲ್ಲಿ?"

ಅಜ್ಜಿ ಸೊಂಟದಿಂದ ಕರ್ಚೀಫಿನ ಗಂಟೊಂದನ್ನು ತೆಗೆದು ಬಿಚ್ಚಿದರು. ಮೇಷ್ಟ್ರು ಹೊಸ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಲ್ಲಿನ ಸಾಲು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಒಸಡಿಗೆ ಕೂರುವ ಅಂಚು ಚೂಪಾಗಿತ್ತು. ತಾಯಿಯ ತುಟಿ ಎತ್ತಿ ನೋಡಿದರು. ಎಡಗಡೆ ಒಸಡು ಕೆಂಪಗೆ ಹುಣ್ಣಾಗಿತ್ತು.

"ಎಷ್ಟು ದಿನದಿಂದ ನೋವು?"

"ಮೊದಲನೇ ದಿನದಿಂದ."

"ಬಾಯಿ ಬಿಟ್ಟು ಹೇಳ್ಬಾರ್ದಾಗಿತ್ತಾ?"

"ನೀನು ಮೊದಲ ಸಲ ಗೋಡೆ ಮೇಲೆ ಗೀಚಿದ ಅಕ್ಷರಾನೂ ಚೆನ್ನಾಗಿದೆ ಅಂದಿದ್ದೆ ಕಣೋ ನಾನು," ಎಂದರು ಅಜ್ಜಿ.

ಮೇಷ್ಟ್ರು ಹೊಸ ಸೆಟ್ಟನ್ನು ಕರ್ಚೀಫಿನಲ್ಲಿ ಮತ್ತೆ ಸುತ್ತಿಟ್ಟರು. ಒಲೆಯ ಮುಂದಿದ್ದ ಡಬ್ಬಿಯಮ್ಮನಿಗೆ ಗಂಡನ ಕಡೆ ನೋಡಲು ಧೈರ್ಯ ಬರಲಿಲ್ಲ. ಕೊನೆಗೆ ಅವರು ನಡುಮನೆಯ ಕಡೆ ತಿರುಗಿ ಕೂಗಿದರು. "ಪುಟ್ಟೀ, ಕಾಗದ ತಗೊಂಡು ಬಾ. ನಾನು ಹೇಳ್ತೀನಿ, ನೀನು ಬರ್ಕೊ."

ಅವರು ನಿಂತುಕೊಂಡೇ ಹೇಳಿದರು. ಅಚ್ಚಿಗೆ ಪ್ಲಾಸ್ಟರ್ ಹುಯ್ಯುವುದರಿಂದ ಕೊನೆಯ ಹೊಳಪಿನ ತನಕ ಎಲ್ಲ ಕೆಲಸ, ಆರು ವರ್ಷ, ಸುಮಾರು ಎಂಟುನೂರು ಸೆಟ್. ಸಹಿ ಮಾತ್ರ ತಾವೇ ಹಾಕಿದರು. ಅದು ಕಾಗದದ ಅರ್ಧದಷ್ಟು ಅಗಲಕ್ಕೆ ಹರಡಿಕೊಂಡಿತು.

"ಇನ್ನು ಡಾಕ್ಟರಮ್ಮನದ್ದು," ಎಂದಳು ಮಗಳು. "ಏನಂದ್ರಮ್ಮ ಅವ್ರು?"

ಡಬ್ಬಿಯಮ್ಮ ಒಲೆ ಆರಿಸಿದಳು. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

"ಅವ್ರು... ನೀನು ಆಫೀಸಿಗೆ ಹೋಗ್ತೀಯ ಅಂದ್ಕೊಂಡಿದ್ದಾರೆ."

"ಯಾವ ಆಫೀಸು?"

"ಒಂದು ಆಫೀಸು. ಊರಾಚೆ."

ಮಗಳು ತಾಯಿಯನ್ನೇ ನೋಡಿದಳು. "ಯಾರು ಹೇಳಿದ್ದು?"

"ನಾನೇ. ಆರು ವರ್ಷ ಆಯ್ತು. ಕೆಲಸ ಕೈಬಿಟ್ಟು ಹೋಗುತ್ತೆ ಅಂತ ಹೆದರಿ ಹೇಳ್ಬಿಟ್ಟೆ. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ. ಹೋದ ವರ್ಷ ನಿಂಗೆ ಪ್ರಮೋಷನ್ ಕೂಡ ಆಯ್ತು."

"ಸಂಬಳ ಎಷ್ಟಂತೆ ನಂಗೆ?" ಮಗಳ ದನಿ ಏರಿತು. "ಹೇಳಮ್ಮ, ರಜಾ ಗಿಜಾ ಕೊಡ್ತಾರಾ? ನಾನು ಇಲ್ಲಿ ಗೋಡೆ ನೋಡ್ಕೊಂಡು ಬೆನ್ನು ಬಗ್ಗಿಸಿ ಕೂತಿದ್ರೆ ನೀನು ನನ್ನನ್ನ ದಿನಾ ಬಸ್ ಹತ್ತಿಸಿ ಕಳಿಸ್ತಿದ್ಯಾ? ಅದಕ್ಕೇನಾ ದಿನಸಿ ಅಂಗಡಿಯವ್ರು ಕಂಡಾಗೆಲ್ಲ ಇವತ್ತು ರಜಾನಾ ಅನ್ನೋದು?"

"ನಿನ್ನ ಒಳ್ಳೇದಕ್ಕೂ ಅಂದ್ಕೊಂಡೆ ಕಣೇ. ಸುಮ್ನೆ ಮನೇಲಿದ್ದಾಳೆ ಅಂದ್ರೆ ಜನ..."

"ನಾನು ಸುಮ್ನೆ ಇರ್ಲಿಲ್ಲ!"

ಮೇಷ್ಟ್ರು ಪತ್ರವನ್ನು ಮಡಚಿ ಮಗಳ ಕೈಗಿಟ್ಟರು. ಅವರಿಬ್ಬರ ಮುಂದೆ ಡಬ್ಬಿಯಮ್ಮನಿಗೆ ನಾಚಿಕೆಯಿಂದ ಸಾಯುವಂತಾಯಿತು. ಡಬ್ಬಿಯಿಲ್ಲದ ಬರೀ ಚೀಲ ತೆಗೆದುಕೊಂಡಳು. ಅದು ಡಬ್ಬಿ ಒಯ್ಯುವ ದಿನವಾಗಿರಲಿಲ್ಲ, ಆದರೂ ಹೊರಟಳು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಒಬ್ಬರ ಹಲ್ಲು ಕಿತ್ತು ಕೈ ತೊಳೆಯುತ್ತಿದ್ದರು. ಡಬ್ಬಿಯಮ್ಮ ಬೇಸಿನ್ನಿನ ಪಕ್ಕವೇ ನಿಂತು, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದಳು. ನೀರು ಹರಿಯುತ್ತಲೇ ಇತ್ತು.

"ಸ್ವೀಟು ಹಂಚಿದ್ರಲ್ಲಮ್ಮ ನೀವು!" ಎಂದರು ಡಾಕ್ಟರಮ್ಮ. "ನಾನು ಎರಡು ತಿಂದೆ."

"ತಪ್ಪಾಯ್ತು ಡಾಕ್ಟ್ರೇ."

"ಆರು ವರ್ಷ ನಾನು ಮೇಷ್ಟ್ರ ಕೈ ಅಂತ ಎಲ್ಲರ ಹತ್ರ ಹೊಗಳಿದೀನಿ. ನನ್ನನ್ನ ಪೆದ್ದಿ ಮಾಡಿದ್ರಿ." ಅವರು ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಒರೆಸಿದರು. "ನಾನು ಕಣ್ಣಾರೆ ಕಾಣದ್ದನ್ನ ಬರ್ಕೊಡಲ್ಲ. ನಾಳೆ ಕಳಿಸಿ ಅವಳನ್ನ. ನನ್ನೆದುರಿಗೆ ಒಂದು ಸೆಟ್ ಜೋಡಿಸ್ಲಿ."

ಮರುದಿನ ಮಗಳು ಆ ಕ್ಲಿನಿಕ್ಕಿಗೆ ಮೊದಲ ಸಲ ಕಾಲಿಟ್ಟಳು. ತಾಯಿಯೊಂದಿಗೆ ಇನ್ನೂ ಮಾತು ಬಿಟ್ಟಿದ್ದಳು. ಡಬ್ಬಿಯಮ್ಮ ಹೊರಗಿನ ಬೆಂಚಿನ ಮೇಲೆ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಗಂಟೆ ಕಾದಳು. ಒಳಗಿನಿಂದ ಸದ್ದಿಲ್ಲ. ಬಾಗಿಲು ತೆರೆದಾಗ ಡಾಕ್ಟರಮ್ಮನ ಕೈಯಲ್ಲಿ ಮೇಣದ ಸೆಟ್ಟೂ ಇತ್ತು, ಸಹಿ ಹಾಕಿದ ಪತ್ರವೂ ಇತ್ತು.

"ಫೋನ್ ಬಂದ್ರೆ ನೋಡಿದ್ದನ್ನ ಹೇಳ್ತೀನಿ," ಎಂದರು. "ಆದ್ರೆ ಒಂದು ಮಾತು. ಇವಳು ಹೋದ ಮೇಲೆ ಹೊಸ ಸೆಟ್ ನಿಮ್ಮನೆಗೆ ಕಳ್ಸೋಕಾಗಲ್ಲ. ಮುರಿದಿದ್ದು, ಬಿರುಕು ಬಿಟ್ಟಿದ್ದು ಇದ್ರೆ ಕಳ್ಸಿ ನೋಡ್ತೀನಿ."

ಡಬ್ಬಿಯಮ್ಮ ತಲೆಯಾಡಿಸಿದಳು. ಅಂದು ಆಕೆಗೆ ಅಚ್ಚು ಕೊಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಡಬ್ಬಿ ಎರಡೂ ಕಡೆ ಖಾಲಿಯೇ ಪ್ರಯಾಣ ಮಾಡಿತು. ಬಸ್ಸಿನಲ್ಲಿ ಮಗಳು ಪಕ್ಕದಲ್ಲಿ ಕುಳಿತಳು. ಎರಡು ಸ್ಟಾಪು ಕಳೆದ ಮೇಲೆ, "ಚೀಲ ಇಲ್ಲಿ ಕೊಡು," ಎಂದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವತ್ತಿಗೆ ಅಷ್ಟೇ ಮಾತು.

ಇಪ್ಪತ್ತಾರಕ್ಕೆ ಅರ್ಜಿ ಹೋಯಿತು. ಆಮೇಲೆ ಮನೆಯವರೆಲ್ಲ ಫೋನನ್ನು ಒಲೆಯ ಮೇಲಿಟ್ಟ ಹಾಲಿನಂತೆ ಕಾದರು. ಸ್ನಾನಕ್ಕೆ ಹೋಗುವವರೂ ಹೇಳಿ ಹೋಗಬೇಕು. ಕರೆ ಬಂದದ್ದು ಮುಂದಿನ ಗುರುವಾರ, ಸರಿಯಾಗಿ ಊಟಕ್ಕೆ ಕುಳಿತಾಗ. ಮಗಳು ಸ್ಪೀಕರ್ ಒತ್ತಿ ಫೋನನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಆ ಕಡೆ ಒಬ್ಬ ಗಂಡಸು ತನ್ನ ಭಾಷೆಯಲ್ಲಿ ಕೇಳುತ್ತಿದ್ದ, ಒಬ್ಬಳು ಹೆಂಗಸು ಅದನ್ನು ಇವರ ಭಾಷೆಯಲ್ಲಿ ಹೇಳುತ್ತಿದ್ದಳು.

"ನಿಮ್ಮ ಕೆಲಸದ ಜಾಗದಲ್ಲಿ ಎಷ್ಟು ಜನ ಇದ್ದೀರಿ?"

"ಇಬ್ಬರು," ಎಂದರು ಮೇಷ್ಟ್ರು. ಆಮೇಲೆ ಹೆಂಡತಿಯ ಕಡೆ ನೋಡಿದರು. "ಅಲ್ಲ, ಮೂವರು. ಡಬ್ಬಿ ಒಯ್ಯೋಳು ಒಬ್ಬಳಿದ್ದಾಳೆ."

"ಅರ್ಜಿ ಹಾಕಿರೋರು ಏನು ಕೆಲಸ ಮಾಡ್ತಿದ್ರು?"

ಮೇಷ್ಟ್ರು ಒಂದೊಂದಾಗಿ ಹೇಳಿದರು. ಪ್ಲಾಸ್ಟರು, ಮೇಣ, ಹಲ್ಲಿನ ಜೋಡಣೆ, ಬಿಸಿನೀರಿನಲ್ಲಿ ಬೇಯಿಸುವುದು, ಉಜ್ಜುವುದು, ಹೊಳಪು. ಹೇಳುತ್ತ ಹೇಳುತ್ತ ಅವರ ದನಿಗೆ ಹಳೆಯ ಮೇಷ್ಟ್ರ ಗತ್ತು ಬಂತು.

"ಸಂಬಳ ಕೊಡ್ತಿದ್ರಾ?"

"ಇಲ್ಲ. ಅವಳು ಕೇಳ್ಲಿಲ್ಲ. ನಾನೂ ಕೊಡ್ಲಿಲ್ಲ."

ಆ ಕಡೆ ಇಬ್ಬರೂ ಏನೋ ಮಾತಾಡಿಕೊಂಡರು. ಹೆಂಗಸು ಸ್ವಲ್ಪ ಹಿಂಜರಿದು ಕೇಳಿದಳು. "ಕ್ಷಮಿಸಿ, ಅವ್ರು ಕೇಳ್ತಿದ್ದಾರೆ. ಇಷ್ಟೆಲ್ಲ ಮಗಳೇ ಮಾಡ್ತಿದ್ರೆ ನೀವೇನು ಮಾಡ್ತಿದ್ರಿ?"

ಡಬ್ಬಿಯಮ್ಮನ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ಮೇಷ್ಟ್ರು ಬಲಗೈಯನ್ನು ಮೇಜಿನ ಕೆಳಗಿನಿಂದ ತೆಗೆದು ಎಲ್ಲರ ಎದುರಿಗೆ ಮೇಜಿನ ಮೇಲಿಟ್ಟರು. ಅದು ನಡುಗಿದಂತೆ ಪಕ್ಕದ ಲೋಟದ ನೀರೂ ಅಲುಗಿತು.

"ಚೀಟಿ ಮೇಲೆ ನನ್ನ ಹೆಸರು ಬರೀತಿದ್ದೆ," ಎಂದರು. "ಎರಡು ವರ್ಷದಿಂದ ಅದನ್ನೂ ಅವಳೇ ಬರೀತಿದ್ದಾಳೆ."

ಫೋನಿನಾಚೆ ಹೆಂಗಸು ಅದನ್ನು ಮೆಲ್ಲಗೆ ಗಂಡಸಿಗೆ ಹೇಳುವುದು ಕೇಳಿಸಿತು. ಥ್ಯಾಂಕ್ಸ್ ಎಂದು ಫೋನ್ ಇಟ್ಟರು. ಮಗಳು ಎದ್ದು ಅಪ್ಪನ ಹಿಂದೆ ಬಂದು ಅವರ ಹೆಗಲ ಮೇಲೆ ಗಲ್ಲವಿಟ್ಟು ಅತ್ತಳು. "ಊಟ ಆರುತ್ತೆ, ಕೂತ್ಕೊ," ಎಂದರು ಮೇಷ್ಟ್ರು. ಅಜ್ಜಿ ತಮ್ಮ ತಟ್ಟೆಯ ಮೊಟ್ಟೆಯನ್ನು ಮೊಮ್ಮಗಳ ತಟ್ಟೆಗೆ ಹಾಕಿದರು.

ವೀಸಾ ಹನ್ನೊಂದು ದಿನಕ್ಕೆ ಬಂತು. ಅದೇ ವಾರ ಆ ದೇಶ ಇನ್ನೇನೋ ಹೊಸ ನಿಯಮ ತರುತ್ತದೆ ಎಂಬ ಸುದ್ದಿಯೂ ಬಂತು. ಕನ್ಸಲ್ಟೆನ್ಸಿಯ ಹುಡುಗಿ ಟಿಕೆಟನ್ನು ಮುಂಚಿನ ತಾರೀಕಿಗೆ ಹಾಕಿಸಿ ಬೇಗ ಹೊರಡಿ ಎಂದಳು. ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ. ತುಂಬಿದ ಸೂಟ್‌ಕೇಸನ್ನು ತೂಗುವುದು, ತೆಗೆಯುವುದು, ಮತ್ತೆ ತುಂಬುವುದು. ಮೇಷ್ಟ್ರು ತಮ್ಮ ಮೇಣದ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗಿಟ್ಟರು. ಯಂತ್ರ ಹಲ್ಲು ಮಾಡುವ ಜಾಗದಲ್ಲಿ ಇವು ಯಾಕೆ ಎಂದು ಯಾರೂ ಕೇಳಲಿಲ್ಲ.

ಹೊರಡುವ ಹಿಂದಿನ ಸಂಜೆ ಡಬ್ಬಿಯಮ್ಮ ದಿನಸಿ ಅಂಗಡಿಗೆ ಹೋದಳು. ಅಂಗಡಿಯವರಿಗೆ ಎಪ್ಪತ್ತರ ಹತ್ತಿರ. ನಾಲ್ಕು ವರ್ಷದ ಹಿಂದೆ ಡಾಕ್ಟರಮ್ಮನ ಹತ್ತಿರ ಪೂರ್ತಿ ಸೆಟ್ ಹಾಕಿಸಿಕೊಂಡವರು, ಆಕೆ ಕಂಡಾಗೆಲ್ಲ ಬಾಯಗಲಿಸಿ "ಮೇಷ್ಟ್ರ ಕೈಗುಣ ನೋಡಿ!" ಎನ್ನುತ್ತಿದ್ದರು. ಇಂದೂ ಎಂದರು. ಆಮೇಲೆ ಗಲ್ಲಾ ಮೇಲೆ ಬಾಗಿ ಕೇಳಿದರು: "ನಿನ್ನೆ ದೊಡ್ಡ ಸೂಟ್‌ಕೇಸ್ ಬಂತಲ್ಲ ನಿಮ್ಮನೆಗೆ. ಮಗಳಿಗೆ ಆಫೀಸಿಂದ ಟ್ರಾನ್ಸ್‌ಫರ್ರಾ?"

ಹೂಂ ಎಂದರೆ ಮುಗಿಯುತ್ತಿತ್ತು. ಆ ಆಫೀಸು ಅವಳನ್ನು ವಿದೇಶಕ್ಕೂ ಕಳಿಸಿಬಿಡುತ್ತಿತ್ತು. ಅಂಗಡಿಯಲ್ಲಿ ಇನ್ನೂ ಮೂವರು ನಿಂತಿದ್ದರು. ಡಬ್ಬಿಯಮ್ಮ ಚೀಲವನ್ನು ಗಲ್ಲಾ ಮೇಲಿಟ್ಟಳು.

"ಆಫೀಸು ಯಾವುದೂ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ. ಅವಳು ಮನೇಲೇ ಇದ್ಲು, ಹಿಂದಿನ ಕೋಣೇಲಿ. ಆರು ವರ್ಷದಿಂದ ಹಲ್ಲು ಮಾಡಿದ್ದು ಅವಳೇ. ನಿಮ್ಮ ಬಾಯಲ್ಲಿರೋದೂ ಅವಳು ಮಾಡಿದ್ದೇ."

ಅಂಗಡಿಯವರ ಅಗಲಿಸಿದ ಬಾಯಿ ಹಾಗೆಯೇ ಉಳಿಯಿತು. ಆಮೇಲೆ ಅವರು ತುಟಿ ಮುಚ್ಚಿ, ನಾಲಿಗೆಯನ್ನು ಒಳಗೇ ಹಲ್ಲುಗಳ ಮೇಲೆ ಈ ತುದಿಯಿಂದ ಆ ತುದಿಗೆ ಒಮ್ಮೆ ಆಡಿಸಿ ನೋಡಿದರು.

"ಅರ್ಧ ಕೆಜಿ ಕಡಲೆಬೀಜ ಕೊಡಿ," ಎಂದಳು ಡಬ್ಬಿಯಮ್ಮ. "ನಮ್ಮತ್ತೆಗೆ."